ಕೊಂಕಣಪುರದ ಶೋಧ ಮತ್ತು ಮಲಪ್ರಭೆಯ ಬೌದ್ಧ ನೆಲೆಗಳು

ಚೀನದ ಬೌದ್ಧ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಕ್ರಿ.ಶ. 629ರಲ್ಲಿ ಸ್ವದೇಶವನ್ನು ಬಿಟ್ಟು, ಭರತಖಂಡದ ಪುಣ್ಯಕ್ಷೇತ್ರಗಳನ್ನೆಲ್ಲ ಸಂದರ್ಶಿಸಿ, 645ರಲ್ಲಿ ಸ್ವದೇಶಕ್ಕೆ ಮರಳಿದನೆಂಬುದು ಇತಿಹಾಸದ ಅಭ್ಯಾಸಿಗಳಿಗೆ ವಿದಿತವಾದ ಸಂಗತಿ. ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನೂ ಅವನ ಪ್ರಜೆಗಳ ಸ್ವಾಭಿಮಾನವನ್ನೂ ಕೊಂಡಾಡಿದ ಈ ಯಾತ್ರಿಕನ ಮಾತುಗಳು ನಮ್ಮ ಪಾಠಪುಸ್ತಕಗಳಲ್ಲಿ ಚಿರಪರಿಚಿತವಾಗಿವೆ. ಆದರೆ ಪುಲಕೇಶಿಯ ನಾಡಿಗೆ ಬರುವ ಮುನ್ನ ಅವನು ಇನ್ನೊಂದು ನಾಡನ್ನು ವರ್ಣಿಸಿದ್ದಾನೆ. ಅಲ್ಲಿ ಒಂದು ಮಹಾಸಂಘಾರಾಮವಿದ್ದಿತು; ಅಲ್ಲಿಗೆ ಯಾತ್ರಿಕರು ಹೋಗುತ್ತಿದ್ದರು. ಅವನು ಆ ನಾಡಿಗೆ ಕೊಟ್ಟ ಹೆಸರು ಕೊಂಕಣಪುರ. ಅದು ಎಲ್ಲಿತ್ತೆಂಬ ಪ್ರಶ್ನೆ ಒಂದೂವರೆ ಶತಮಾನಕ್ಕೂ ಮಿಕ್ಕಿ ವಿದ್ವಾಂಸರನ್ನು ಕಾಡಿದೆ. ಬನವಾಸಿಯಿಂದ ಆನೆಗೊಂದಿಯವರೆಗೆ ಅದರ ಶೋಧ ನಡೆದಿದೆ. ಬಾದಾಮಿ, ಐಹೊಳೆಗಳ ನಡುವಣ ನಾಡೂ ಆ ಶೋಧದ ಸೀಮೆಯೊಳಗೇ ಬರುವುದರಿಂದ ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸುವುದು ಉಚಿತವಾಗಿದೆ.

ಮೊದಲು ಯಾತ್ರಿಕನ ವರ್ಣನೆಯ ಸಾರವನ್ನು ನೋಡಬೇಕು. ಅವನು ದ್ರಾವಿಡದೇಶದ ರಾಜಧಾನಿಯಾದ ಕಾಂಚೀಪುರವನ್ನು ಬಿಟ್ಟು ಉತ್ತರಾಭಿಮುಖವಾಗಿ ಹೊರಟು, ಕಳ್ಳಕಾಕರ ಭಯವುಳ್ಳ ಘೋರಾರಣ್ಯವನ್ನು ದಾಟಿ, ಸುಮಾರು 2000 ಲೀ ದೂರ ನಡೆದು ಕೊಂಕಣಪುರವನ್ನು ಸೇರುತ್ತಾನೆ. ದಿಕ್ಕಿನ ವಿಷಯದಲ್ಲಿ ಪಾಠಭೇದವಿದೆ. ಉತ್ತರವೆಂದು ಒಂದು ಪಾಠ, ವಾಯವ್ಯವೆಂದು ಇನ್ನೊಂದು. ಆ ನಾಡಿನಲ್ಲಿ ನೂರು ಸಂಘಾರಾಮಗಳು, ಹತ್ತು ಸಾವಿರದಷ್ಟು ಭಿಕ್ಷುಗಳು ಇದ್ದರಂತೆ. ದೇವಾಲಯಗಳೂ ಕೆಲವು ನೂರು ಇದ್ದುವಂತೆ. ಅರಮನೆಯ ಬಳಿಯ ದೊಡ್ಡ ಸಂಘಾರಾಮದಲ್ಲಿ ಮುನ್ನೂರು ಭಿಕ್ಷುಗಳಿದ್ದರು. ಅದರ ವಿಹಾರದಲ್ಲಿ ಬುದ್ಧನು ರಾಜಕುಮಾರನಾಗಿದ್ದಾಗ ಧರಿಸಿದ್ದ ಕಿರೀಟವನ್ನು ರತ್ನಖಚಿತವಾದ ಕರಂಡದಲ್ಲಿಟ್ಟು ರಕ್ಷಿಸಿದ್ದರು. ಹಬ್ಬದ ದಿನಗಳಲ್ಲಿ ಅದನ್ನು ಹೊರತೆಗೆದು ಎತ್ತರದ ಪೀಠದ ಮೇಲಿಟ್ಟು ಪೂಜಿಸುತ್ತಿದ್ದರು. ಇನ್ನೊಂದು ವಿಹಾರದಲ್ಲಿ ಗಂಧದ ಮರದಿಂದ ಕಡೆದ ಮೈತ್ರೇಯನ ಪ್ರತಿಮೆಯಿದ್ದಿತು. ಅದನ್ನು ಮಾಡಿದವನು ಶ್ರುತವಿಂಶತಿಕೋಟಿಯೆಂಬ ಅರ್ಹಂತನೆಂದು ಪ್ರತೀತಿ. ಪಟ್ಟಣದ ಉತ್ತರಕ್ಕೆ ತಾಳವೃಕ್ಷಗಳ ದೊಡ್ಡ ವನ. ಅದರ ಗರಿಗಳು ಉದ್ದವಾಗಿ, ಅಗಲವಾಗಿ, ಹೊಳಪಾಗಿದ್ದು ಎಲ್ಲ ದೇಶದವರೂ ಅವುಗಳನ್ನು ಬರೆಯಲು ಬಳಸುತ್ತಿದ್ದರು. ಪಟ್ಟಣದ ನೈರುತ್ಯಕ್ಕೆ ಅಶೋಕನು ಕಟ್ಟಿಸಿದನೆನ್ನಲಾದ ಸ್ತೂಪವೂ ಇದ್ದಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಗ್ರಂಥವು ಐರೋಪ್ಯ ಭಾಷೆಗಳಿಗೆ ಬಂದಮೇಲೆ ಶೋಧ ಆರಂಭವಾಯಿತು. 1857-58ರಲ್ಲಿ ಸ್ಟಾನಿಸ್ಲಾಸ್ ಜೂಲಿಯೆನ್ ಅವರ ಫ್ರೆಂಚ್ ಅನುವಾದವೂ 1884ರಲ್ಲಿ ಸ್ಯಾಮ್ಯುಯೆಲ್ ಬೀಲ್ ಅವರ ಇಂಗ್ಲಿಷ್ ಅನುವಾದವೂ ಪ್ರಕಟವಾದುವು. ಫ್ರೆಂಚ್ ಭೂಗೋಳವಿದ್ವಾಂಸ ಸೇಂಟ್ ಮಾರ್ಟಿನ್ ಅವರು ಕೊಂಕಣಪುರವೆಂದರೆ ಬನವಾಸಿಯೆಂದರು. 1871ರಲ್ಲಿ ಭಾರತದ ಪ್ರಾಚೀನ ಭೂಗೋಳವನ್ನು ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದ ಕನ್ನಿಂಗ್‌ಹ್ಯಾಮ್ ಅವರು ತುಂಗಭದ್ರೆಯ ಉತ್ತರದಂಡೆಯ ಆನೆಗೊಂದಿಯೇ ಅದೆಂದರು. ವಾಸ್ತುಶಿಲ್ಪದ ಇತಿಹಾಸಕಾರ ಫರ್ಗ್ಯುಸನ್ ಅವರ ದೃಷ್ಟಿ ಬಿದನೂರಿನ ಪೂರ್ವಕ್ಕಿರುವ ಮೈಸೂರು ಪ್ರಸ್ಥಭೂಮಿಯ ಮೇಲೆ ಬಿದ್ದಿತು. ದಿಕ್ಕು ಉತ್ತರವೆಂಬುದನ್ನೇ ಹಿಡಿದರೆ ಗೋಲ್ಕೊಂಡದ ಕಡೆಗೆ ಹೋಗಬೇಕಾಗುತ್ತದೆಂದು ಬೀಲ್ ಅವರು ಸೂಚಿಸಿದರು. ಹೀಗೆ ಒಂದೇ ವಾಕ್ಯವನ್ನು ಓದಿದ ನಾಲ್ವರು ವಿದ್ವಾಂಸರು ನಾಲ್ಕು ದಿಕ್ಕಿಗೆ ನಡೆದರು.

ಇಂತಹ ಭಿನ್ನಾಭಿಪ್ರಾಯಕ್ಕೆ ಕಾರಣವೇನು? ದೂರವನ್ನು ಅಳೆದು ನೋಡಿದರೆ ಕಾರಣ ತಿಳಿಯುತ್ತದೆ. ಆರು ಲೀಗೆ ಒಂದು ಮೈಲಿಯಂತೆ ಕನ್ನಿಂಗ್‌ಹ್ಯಾಮ್ ಅವರು ಹಾಕಿದ ಲೆಕ್ಕದ ಪ್ರಕಾರ 2000 ಲೀ ಎಂದರೆ ಸುಮಾರು 530 ಕಿಲೋಮೀಟರು. ಕಾಂಚೀಪುರದಿಂದ ನೇರ ಗೆರೆಯೆಳೆದರೆ ಆನೆಗೊಂದಿಗೆ ಸುಮಾರು 450 ಕಿಲೋಮೀಟರು, ಬನವಾಸಿಗೆ ಸುಮಾರು 540, ಐಹೊಳೆಗೂ ಸುಮಾರು 540, ಬಾದಾಮಿಗೆ 550ರಷ್ಟಾಗುತ್ತದೆ. ಕಾಡುದಾರಿಯಲ್ಲಿ ಸುತ್ತುವರಿದು ನಡೆದವನ ಲೆಕ್ಕದಲ್ಲಿ ಈ ಅಂತರಗಳು ಗಣನೆಗೆ ಬಾರವು. ಅಂದಮೇಲೆ ದೂರವೊಂದರಿಂದಲೇ ಯಾವ ಊರನ್ನೂ ಗೊತ್ತುಪಡಿಸುವುದು ಸಾಧ್ಯವಿಲ್ಲ. ಯಾವ ಊರನ್ನೂ ತಳ್ಳಿಹಾಕುವುದೂ ಸಾಧ್ಯವಿಲ್ಲ. ಹೆಸರಿನ ಸಾಮ್ಯವೂ ಇಷ್ಟೇ ದುರ್ಬಲವಾದ ಆಧಾರ. ಚೀನೀ ಲಿಪಿಯಲ್ಲಿ ಬರೆದ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿ, ಆ ಸಂಸ್ಕೃತವನ್ನು ಮತ್ತೆ ಇಂದಿನ ಊರ ಹೆಸರಿಗೆ ಹೊಂದಿಸುವಲ್ಲಿ ಎರಡು ಸಲ ಊಹೆ ಮಾಡಬೇಕಾಗುತ್ತದೆ. ಎರಡು ಊಹೆಗಳ ಮೇಲೆ ನಿಂತ ಕಟ್ಟಡ ಗಾಳಿಗೆ ಅಲ್ಲಾಡದಿರಲಾರದು.

ಇಲ್ಲಿ ಐಹೊಳೆ-ಬಾದಾಮಿಗಳ ಅಭಿಮಾನಿಗಳಿಗೆ ಒಂದು ಆಸೆ ಹುಟ್ಟುವುದು ಸಹಜ. ದೂರ ಹೊಂದುತ್ತದೆ, ಬೌದ್ಧ ಅವಶೇಷಗಳೂ ಇವೆ, ಹಾಗಿದ್ದರೆ ಕೊಂಕಣಪುರವು ನಮ್ಮ ಮಲಪ್ರಭೆಯ ದಂಡೆಯಲ್ಲಿಯೇ ಏಕೆ ಇದ್ದಿರಬಾರದು? ಈ ಆಸೆಯನ್ನು ಸಾಕ್ಷ್ಯದ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಮೊದಲನೆಯದಾಗಿ, ಯಾತ್ರಿಕನು ಕೊಂಕಣಪುರವನ್ನೂ ಪುಲಕೇಶಿಯ ಮಹಾರಾಷ್ಟ್ರವನ್ನೂ ಬೇರೆಬೇರೆಯಾಗಿ ವರ್ಣಿಸಿದ್ದಾನೆ. ಚಾಲುಕ್ಯರ ರಾಜಧಾನಿಯಾದ ವಾತಾಪಿಯ ಹೆಸರನ್ನು ಅವನು ಎಲ್ಲಿಯೂ ಹೇಳಿಲ್ಲ. ಮಹಾರಾಷ್ಟ್ರದ ರಾಜಧಾನಿಯ ಪಶ್ಚಿಮಕ್ಕೆ ದೊಡ್ಡ ನದಿಯಿದೆಯೆಂದೂ ಅದರ ಒಳಗೂ ಹೊರಗೂ ಅಶೋಕನ ಐದು ಸ್ತೂಪಗಳಿವೆಯೆಂದೂ ಅವನು ಬರೆದಿದ್ದಾನೆ. ಇದು ಬಾದಾಮಿಗೆ ಸ್ವಲ್ಪವೂ ಹೊಂದುವುದಿಲ್ಲವೆಂಬುದನ್ನು ಮನಗಂಡ ಫ್ಲೀಟ್ ಅವರು ಆ ಪಟ್ಟಣ ನಾಸಿಕವಾಗಿರಬೇಕೆಂದರು. ಪುಲಕೇಶಿಯ ರಾಜ್ಯದಲ್ಲಿ ಸಂಚರಿಸಿದವನು ಪುಲಕೇಶಿಯ ರಾಜಧಾನಿಯನ್ನು ಕಾಣದೆಯೇ ಹೋಗಿರಬಹುದು. ಆದರೆ ಇದರಿಂದಲೇ ಕೊಂಕಣಪುರವು ಚಾಲುಕ್ಯರಾಜ್ಯದ ಹೊರಗಿತ್ತೆಂದು ಹೇಳಲಾಗದು. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಪುಲಕೇಶಿ ಬನವಾಸಿಯನ್ನು ಮುತ್ತಿದುದನ್ನೂ ಕೊಂಕಣದ ಮೌರ್ಯರನ್ನು ಅಡಗಿಸಿದುದನ್ನೂ ಸ್ಪಷ್ಟವಾಗಿ ಹೇಳಿದ್ದಾನೆ. ಯಾತ್ರಿಕನಿಗೆ ನಾಡೆಂದರೆ ಅರಸರ ಗಡಿಯಲ್ಲ. ಜನರು ಹಿಂದಿನಿಂದ ಗುರುತಿಸುತ್ತ ಬಂದ ಸೀಮೆ.

ಎರಡನೆಯದಾಗಿ, ತಾಳವನದ ಸಾಕ್ಷ್ಯವನ್ನು ಗಮನಿಸಬೇಕು. ಊರ ಹೆಸರುಗಳ ಹಿಂದೆ ಬಿದ್ದವರು ಇದಕ್ಕೆ ಸಲ್ಲಬೇಕಾದಷ್ಟು ಗಮನ ಕೊಟ್ಟಂತೆ ತೋರುವುದಿಲ್ಲ. ಕನ್ನಡನಾಡಿನಲ್ಲಿ ಬರೆವಣಿಗೆಗೆ ಬಳಕೆಯಾದ ಗರಿಗಳು ಎರಡು ಬಗೆಯವು. ಬಯಲುಸೀಮೆಯ ಒಣನೆಲದಲ್ಲಿಯೂ ಬೆಳೆಯುವ ತಾಳೆಯ ಗರಿ ದಪ್ಪ, ಒರಟು, ಅಗಲದಲ್ಲಿ ಕಿರಿದು. ಮಲೆನಾಡು ಮತ್ತು ಕರಾವಳಿಯ ತೇವದ ನೆಲದಲ್ಲಿ ಬೆಳೆಯುವ ಶ್ರೀತಾಳೆಯ ಗರಿ ಉದ್ದ, ಅಗಲ, ನುಣುಪು, ಬಾಗುವಂಥದು. ಯಾತ್ರಿಕನು ಹೇಳುವ ಲಕ್ಷಣಗಳು ಶ್ರೀತಾಳೆಗೇ ಹೆಚ್ಚು ಒಪ್ಪುತ್ತವೆ. ವಚನಗಳ ಹಸ್ತಪ್ರತಿಗಳನ್ನು ಕೈಯಲ್ಲಿ ಹಿಡಿದು ಓದಿದವರಿಗೆ ಈ ಎರಡರ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ. ಹುನಗುಂದ, ಇಳಕಲ್ಲುಗಳ ಕಪ್ಪು ಎರೆಭೂಮಿಯಾಗಲಿ ಬಾದಾಮಿಯ ಮರಳುಗಲ್ಲಿನ ಬೆಟ್ಟಸಾಲಾಗಲಿ ಶ್ರೀತಾಳೆಯ ಮಹಾವನಕ್ಕೆ ತಕ್ಕ ನೆಲವಲ್ಲ. ಈ ಸಾಕ್ಷ್ಯ ಮಲಪ್ರಭೆಯಿಂದ ದೂರ ಸರಿದು ಬನವಾಸಿಯ ಕಡೆಗೇ ಬೆರಳು ತೋರುತ್ತದೆ.

ಬನವಾಸಿಯ ಪಕ್ಷಕ್ಕೆ ಬೇರೆ ಬಲವೂ ಉಂಟು. ಅಶೋಕನ ಕಾಲದಲ್ಲಿ ರಕ್ಖಿತನೆಂಬ ಸ್ಥವಿರನನ್ನು ವನವಾಸಕ್ಕೆ ಧರ್ಮಪ್ರಚಾರಕ್ಕಾಗಿ ಕಳುಹಿಸಿದರೆಂದು ಸಿಂಹಳದ ಮಹಾವಂಶ ಹೇಳುತ್ತದೆ. ವೈಜಯಂತಿಯ ಶ್ರೇಷ್ಠಿ ಭೂತಪಾಲನ ಹೆಸರು ಕಾರ್ಲೆಯ ಗುಹೆಯ ಶಾಸನದಲ್ಲಿ ದೊರೆಯುತ್ತದೆ. ವೈಜಯಂತಿಯೆಂಬುದು ಬನವಾಸಿಯದೇ ಇನ್ನೊಂದು ಹೆಸರು. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿರುವ ನಾಗಶಿಲೆಯ ಪ್ರಾಕೃತ ಶಾಸನವು ಚುಟುಕುಲದ ರಾಜಪುತ್ರಿಯೊಬ್ಬಳು ನಾಗಪ್ರತಿಮೆ, ಕೆರೆ ಮತ್ತು ವಿಹಾರಗಳನ್ನು ಮಾಡಿಸಿದುದನ್ನು ತಿಳಿಸುತ್ತದೆ. ನಾಗಾರ್ಜುನಕೊಂಡದ ಶಾಸನಗಳಲ್ಲಿಯೂ ವನವಾಸದ ಉಲ್ಲೇಖವಿದೆ. ಇಷ್ಟಿದ್ದರೂ ಅಲ್ಲಿ ಕಿರೀಟದ ವಿಹಾರವೆಂದು ನಿಶ್ಚಯವಾಗಿ ಗುರುತಿಸಬಹುದಾದ ಶಾಸನ ದೊರೆಯುವವರೆಗೆ ಬನವಾಸಿಯೂ ಸಂಭಾವ್ಯ ಪಕ್ಷವೇ ಹೊರತು ಸಿದ್ಧಾಂತವಲ್ಲ.

ಹಾಗಾದರೆ ಬಾಗಲಕೋಟೆಯ ಸೀಮೆಗೆ ಬೌದ್ಧ ಇತಿಹಾಸದಲ್ಲಿ ಸ್ಥಾನವಿಲ್ಲವೇ? ಇದೆ, ಅದು ಕೊಂಕಣಪುರದ ಎರವಲು ಕೀರ್ತಿಯನ್ನು ಬೇಡದಿರುವಷ್ಟು ದೃಢವಾಗಿದೆ. ಐಹೊಳೆಯ ಮೇಗುತಿ ಬೆಟ್ಟದ ಇಳಿಜಾರಿನಲ್ಲಿ, ಶಿಖರಕ್ಕೆ ಸ್ವಲ್ಪವೇ ಕೆಳಗೆ, ಅರ್ಧ ಬಂಡೆಯಲ್ಲಿ ಕೊರೆದು ಅರ್ಧ ಕಲ್ಲುಗಳಿಂದ ಕಟ್ಟಿದ ಎರಡಂತಸ್ತಿನ ಬೌದ್ಧ ಆಲಯವೊಂದು ನಿಂತಿದೆ. ಎರಡು ಅಂತಸ್ತುಗಳಿಗೂ ಕಂಬಗಳ ಮೊಗಸಾಲೆಯಿದೆ. ಮೇಲಂತಸ್ತಿನ ಮೊಗಸಾಲೆಯ ಛಾವಣಿಯಲ್ಲಿ ಕುಳಿತ ಬುದ್ಧನ ಉಬ್ಬುಶಿಲ್ಪವಿದೆ. ಬಾಗಿಲುವಾಡದಲ್ಲಿ ಸಣ್ಣ ಕಥಾಶಿಲ್ಪಗಳಿವೆ. ತಲೆಯಿಲ್ಲದ ಬುದ್ಧಪ್ರತಿಮೆಯೊಂದು ಅಲ್ಲಿಯೇ ಇದೆ. ಬೆಟ್ಟದ ನೆತ್ತಿಯಲ್ಲಿ ರವಿಕೀರ್ತಿಯ ಜಿನಾಲಯ. ಇಳಿಜಾರಿನಲ್ಲಿ ಬುದ್ಧನ ಆಲಯ. ಊರ ಮಗ್ಗುಲಲ್ಲಿ ರಾವಣಫಡಿಯ ಶೈವಗುಹೆ. ಒಂದು ಹರಿದಾರಿಯೊಳಗೆ ಮೂರು ಧರ್ಮಗಳು ಒಂದೇ ಮರಳುಗಲ್ಲಿನಲ್ಲಿ ಮನೆಮಾಡಿದ್ದುವು. ಬಹುಶಃ ಒಂದೇ ಕುಲದ ಶಿಲ್ಪಿಗಳು ಮೂರು ಕಡೆಗೂ ಉಳಿ ಹಿಡಿದಿದ್ದರೆಂದು ಶೈಲಿಸಾಮ್ಯದಿಂದ ಊಹಿಸಬಹುದು.

ಬಾದಾಮಿಯಲ್ಲಿ ಕುರುಹು ಇನ್ನೂ ಸೂಕ್ಷ್ಮವಾಗಿದೆ. ದಕ್ಷಿಣದ ಬೆಟ್ಟದಲ್ಲಿ ಎರಡನೆಯ ಮತ್ತು ಮೂರನೆಯ ಗುಹೆಗಳ ನಡುವೆ ಮನುಷ್ಯರು ಕೊರೆಯದ, ಪ್ರಕೃತಿಯೇ ನಿರ್ಮಿಸಿದ ಬಂಡೆಗವಿಯೊಂದಿದೆ. ಅದರ ಗೋಡೆಯ ಮೇಲೆ ಪದ್ಮಪಾಣಿಯ ಸವೆದ ಶಿಲ್ಪವಿದೆ. ಶಕ 500ರಲ್ಲಿ, ಅಂದರೆ 578ರಲ್ಲಿ, ಮಂಗಲೇಶನು ಮಾಡಿಸಿದ ಮೂರನೆಯ ಗುಹೆಯ ವೈಭವವನ್ನು ನೋಡಲು ಬರುವ ಸಾವಿರಾರು ಮಂದಿ ಮೆಟ್ಟಿಲ ಬದಿಯ ಈ ಗವಿಯನ್ನು ಕಣ್ಣೆತ್ತಿಯೂ ನೋಡದೆ ಹೋಗುತ್ತಾರೆ. ಅಗಸ್ತ್ಯತೀರ್ಥದ ಆಚೆಗೆ ಭೂತನಾಥ ಗುಡಿಯ ಹಿಂದಿನ ಗವಿಯಲ್ಲಿ ಪದ್ಮಾಸನದಲ್ಲಿ ಕುಳಿತ ಮೂರ್ತಿಯೊಂದಿದೆ. ಅದು ಬುದ್ಧನದೋ ಜಿನನದೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಊರ ಜನ ಅದನ್ನು ಕುಷ್ಠರಾಯನೆಂದು ಕರೆಯುತ್ತಾರೆ.

ಮಲಪ್ರಭೆಯ ಈ ನೆಲೆಗಳು ಅರಸರ ದಾನದಿಂದಲೇ ಬಾಳಿದುವೆಂದು ತಿಳಿಯಬೇಕಾಗಿಲ್ಲ. ಐಹೊಳೆಯು ವರ್ತಕರ ಊರು. ಅಯ್ಯಾವೊಳೆಯ ಐನೂರ್ವರೆಂಬ ವಣಿಕ್ಸಂಘ ಮುಂದೆ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿ ತನ್ನ ಮೂಲವನ್ನು ಈ ಊರಿನ ಹೆಸರಿನಲ್ಲಿಯೇ ಸ್ಮರಿಸಿಕೊಂಡಿತು. ಬೌದ್ಧವಿಹಾರಗಳೂ ವರ್ತಕರ ದಾರಿಗಳೂ ಜೊತೆಯಾಗಿ ಸಾಗಿದುವೆಂಬುದಕ್ಕೆ ಸ್ಪಷ್ಟವಾದ ಸಾಕ್ಷ್ಯ ದಕ್ಷಿಣಕ್ಕೆ, ಇಂದಿನ ಗದಗ ಜಿಲ್ಲೆಯ ಡಂಬಳದಲ್ಲಿದೆ. ಧರ್ಮವೊಳಲೆಂಬ ಪ್ರಾಚೀನ ನಾಮವುಳ್ಳ ಆ ಊರಿನ 1095ರ ಶಾಸನವು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ ಲೊಕ್ಕಿಗುಂಡಿಯ ಸೆಟ್ಟಿಯೊಬ್ಬನು ಮಾಡಿಸಿದ ಆರ್ಯತಾರಾದೇವಿಯ ವಿಹಾರವನ್ನೂ ಉಲ್ಲೇಖಿಸುತ್ತದೆ. ಆಗ ಆಳುತ್ತಿದ್ದವನು ಆರನೆಯ ವಿಕ್ರಮಾದಿತ್ಯ.

ಈ ಕಾಲಾಂಶ ಶರಣಸಾಹಿತ್ಯದ ಅಭ್ಯಾಸಿಗಳ ಗಮನವನ್ನು ವಿಶೇಷವಾಗಿ ಸೆಳೆಯಬೇಕು. ಡಂಬಳದ ವಿಹಾರಗಳು ಬಾಳುತ್ತಿದ್ದ ಕಾಲಕ್ಕೂ ಬಸವಣ್ಣನವರ ಕಾಲಕ್ಕೂ ನಡುವೆ ಇರುವುದು ಒಂದೆರಡು ತಲೆಮಾರುಗಳ ಅಂತರ ಮಾತ್ರ. ಅಲ್ಲಮಪ್ರಭುಗಳ ಜನ್ಮಸ್ಥಳವೆಂದು ಪರಂಪರೆ ಹೇಳುವ ಬಳ್ಳಿಗಾವೆಯಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ಅಧಿಕಾರಿಯು ಬೌದ್ಧವಿಹಾರವನ್ನು ಕಟ್ಟಿಸಿದ್ದನು. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಎಂಬ ಐದು ದೈವಗಳ ಮಠಗಳಿಂದ ಆ ಪಟ್ಟಣ ಪ್ರಸಿದ್ಧವಾಗಿತ್ತು. ಮಲಪ್ರಭೆಯು ಐಹೊಳೆಯನ್ನು ದಾಟಿ ಮುಂದೆ ಹರಿದು ಕೃಷ್ಣೆಯನ್ನು ಕೂಡುವ ಸ್ಥಳವೇ ಕೂಡಲಸಂಗಮ. ಅಂದಮೇಲೆ ಶರಣರಿಗೆ ಬೌದ್ಧಧರ್ಮವು ಪುಸ್ತಕದಲ್ಲಿ ಓದಿದ ಪರದರ್ಶನವಾಗಿರದೆ ದಾರಿಯಲ್ಲಿ ಕಂಡ ನೆರೆಮನೆಯಾಗಿದ್ದಿರಬೇಕು. ವಚನಗಳಲ್ಲಿ ಬರುವ ಬಯಲು, ಶೂನ್ಯಗಳ ವಿಚಾರವನ್ನು ಬೌದ್ಧರ ಶೂನ್ಯದೊಡನೆ ಹೋಲಿಸುವವರು ತಾತ್ತ್ವಿಕವಾದ ಭೇದವನ್ನು ಮರೆಯಬಾರದು. ಶರಣರ ಶೂನ್ಯವು ಲಿಂಗತತ್ತ್ವದಲ್ಲಿ ಪರ್ಯವಸಾನವಾಗುವಂಥದು. ಆದರೆ ಅಂತಹ ಹೋಲಿಕೆಯನ್ನು ಮಾಡುವ ಮುನ್ನ ಎರಡೂ ಧರ್ಮಗಳು ಒಂದೇ ನೆಲದಲ್ಲಿ, ಒಂದೇ ಶತಮಾನದ ಆಸುಪಾಸಿನಲ್ಲಿ ಬಾಳಿದುವೆಂಬ ಐತಿಹಾಸಿಕ ಸಂಗತಿಯನ್ನು ಶಾಸನಗಳಿಂದ ತಿಳಿದುಕೊಳ್ಳುವುದು ಅವಶ್ಯ. ಐಹೊಳೆಯ ಭಗ್ನವಿಹಾರದ ಶೋಧ ವೀರಶೈವರಿಗೂ ತಮ್ಮ ಮನೆಯ ಇತಿಹಾಸದ ಶೋಧವೇ ಆಗಿದೆ.

ಹಳೆಯ ಬೌದ್ಧನೆಲೆಗಳು ನಿಜವಾಗಿ ದೊರೆತ ಬಗೆಯನ್ನು ನೋಡಿದರೆ ಶೋಧದ ಸರಿಯಾದ ಮಾರ್ಗವೂ ಗೋಚರಿಸುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನವನ್ನು 1915ರಲ್ಲಿ ಕಂಡವರು ಚಿನ್ನದ ಶೋಧದಲ್ಲಿದ್ದ ಬೀಡನ್ ಎಂಬ ಗಣಿ ಎಂಜಿನಿಯರರು. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುಗಳ ಅಶೋಕಶಾಸನಗಳು 1931ರಲ್ಲಿ ಬೆಳಕಿಗೆ ಬಂದುವು. ಶರಣಪರಂಪರೆಯ ಮಠದ ಮೇಲಣ ಬಂಡೆಯಲ್ಲಿಯೇ ಆ ಧರ್ಮಲಿಪಿ ಎರಡು ಸಾವಿರ ವರ್ಷ ಮೌನವಾಗಿದ್ದಿತು. ಎಲ್ಲಕ್ಕಿಂತ ಬೋಧಪ್ರದವಾದುದು ಕಲಬುರಗಿ ಜಿಲ್ಲೆಯಲ್ಲಿ ಭೀಮಾತೀರದ ಸನ್ನತಿಯ ಸಂಗತಿ. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಕಾಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲನ್ನು ತೆಗೆದು ನೋಡಿದಾಗ ಅದು ಅಶೋಕನ ಶಾಸನಶಿಲೆಯೆಂದು ತಿಳಿದುಬಂದಿತು. ಮುಂದೆ ಹತ್ತಿರದ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯವರು ಉತ್ಖನನ ನಡೆಸಿದಾಗ ಮಹಾಸ್ತೂಪವೇ ಹೊರಬಿದ್ದಿತು. ಅದರ ಶಾಸನಗಳಲ್ಲಿ ಅಧೋಲೋಕ ಮಹಾಚೈತ್ಯವೆಂಬ ಹೆಸರು ಕಂಡುಬಂದಿತು. ರಾಜಾ ಅಶೋಕನೆಂದು ಪ್ರಾಕೃತದಲ್ಲಿ ಹೆಸರು ಕೊರೆದ ಶಿಲ್ಪವೂ ದೊರೆಯಿತು.

ಈ ಉದಾಹರಣೆಗಳು ಹೇಳುವ ಪಾಠ ಸ್ಪಷ್ಟವಾಗಿದೆ. ಯಾತ್ರಿಕನು ಸ್ಪಷ್ಟವಾಗಿ ವರ್ಣಿಸಿದ ಕೊಂಕಣಪುರವನ್ನು ಪಂಡಿತರು ನಕ್ಷೆಯ ಮೇಲೆ ಹುಡುಕುತ್ತ ಒಂದೂವರೆ ಶತಮಾನ ಕಳೆದರೂ ಅದು ದೊರೆಯಲಿಲ್ಲ. ಯಾವ ಯಾತ್ರಿಕನ ವರ್ಣನೆಯನ್ನೂ ಅವಲಂಬಿಸದೆ ಸನ್ನತಿ ಗುಡಿಯ ಪೀಠದ ಕೆಳಗಿಂದ ಮೇಲೆದ್ದಿತು. ಪುಸ್ತಕದ ಹೆಸರಿನಿಂದ ನೆಲಕ್ಕೆ ಇಳಿಯುವುದಕ್ಕಿಂತ ನೆಲದ ಸಾಕ್ಷ್ಯದಿಂದ ಹೆಸರಿಗೆ ಏರುವುದೇ ಫಲಪ್ರದವಾದ ಮಾರ್ಗ. ಹೊಸಧರ್ಮದ ಜನ ಹಳೆಯ ಧರ್ಮದ ಕಲ್ಲನ್ನು ಪೀಠವಾಗಿ, ಮೆಟ್ಟಿಲಾಗಿ, ಬಾವಿಯ ಕಟ್ಟೆಯಾಗಿ ಬಳಸಿದರು. ಇದು ನಾಶವೂ ಹೌದು, ರಕ್ಷಣೆಯೂ ಹೌದು. ಕಾಳಿಯ ಪಾದದ ಅಡಿಯಲ್ಲಿರದಿದ್ದರೆ ಸನ್ನತಿಯ ಶಾಸನ ಎಂದೋ ಒಡೆದು ಹೋಗುತ್ತಿತ್ತು.

ಆದುದರಿಂದ ಬಾಗಲಕೋಟೆಯ ಸೀಮೆಯಲ್ಲಿ ಮಾಡಬೇಕಾದ ಕಾರ್ಯ ಬೇರೆಯೇ ಆಗಿದೆ. ಕೊಂಕಣಪುರವು ತಮ್ಮೂರೆಂದು ಸಾಧಿಸುವ ಲೇಖನಗಳಿಂದ ಊರಿಗೆ ಕೀರ್ತಿ ಬಾರದು. ಮುಂದೊಂದು ದಿನ ಬೇರೆಡೆ ಶಾಸನ ದೊರೆತರೆ ಅಂತಹ ಕೀರ್ತಿ ಅಪಕೀರ್ತಿಯಾಗುತ್ತದೆ. ಮಲಪ್ರಭೆಯ ಇಕ್ಕೆಲಗಳ ಹಳ್ಳಿಗಳಲ್ಲಿ ಹನುಮಪ್ಪನ ಗುಡಿ, ದ್ಯಾಮವ್ವನ ಕಟ್ಟೆ, ಹಾಳುಬಾವಿ, ಕೋಟೆಯ ಬಾಗಿಲುಗಳಲ್ಲಿ ಸೇರಿಹೋದ ಪ್ರತಿಯೊಂದು ಕೆತ್ತಿದ ಕಲ್ಲನ್ನೂ ನೋಡಿ, ಅಳೆದು, ಅದು ಇದ್ದ ಸ್ಥಳದೊಡನೆ ಬರೆದಿಡಬೇಕು. ಕುಳಿತ ಮೂರ್ತಿಯನ್ನು ಕಂಡೊಡನೆ ಬುದ್ಧನೆಂದೋ ಜಿನನೆಂದೋ ಘೋಷಿಸದೆ, ಮುದ್ರೆ, ಆಸನ, ಲಾಂಛನ, ಚೀವರದ ಅಂಚುಗಳನ್ನು ಪರೀಕ್ಷಿಸಬೇಕು. ಕಾಲ ನಿಂತು ಕಾಯುವುದಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿದೆ. ನಾರಾಯಣಪುರದ ಜಲಾಶಯದ ನೀರು ಕೂಡಲಸಂಗಮದವರೆಗೂ ಏರಿದುದರಿಂದ ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತಲೂ ಬಾವಿಯಂತೆ ಗೋಡೆ ಕಟ್ಟಿ ರಕ್ಷಿಸಬೇಕಾಯಿತು. ಹೆಸರಾಂತ ಕ್ಷೇತ್ರಕ್ಕೆ ಗೋಡೆ ಕಟ್ಟುವ ಭಕ್ತರಿದ್ದರು. ಹೆಸರಿಲ್ಲದ ದಿಬ್ಬಗಳಿಗೆ ಅಂತಹವರಾರೂ ಇರಲಿಲ್ಲ. ಇಳಕಲ್ಲು-ಹುನಗುಂದಗಳ ಕೆಂಪುಕಲ್ಲಿನ ಗುಡ್ಡಗಳಲ್ಲಿ ಗಣಿಗಾರಿಕೆ ನಡೆದಿದೆ. ಒಮ್ಮೆ ಒಡೆದ ಬಂಡೆಯ ಮೇಲಿನ ಬರೆಹವನ್ನು ಯಾವ ಪಾಂಡಿತ್ಯವೂ ಮರಳಿಸಲಾರದು.

ಇಂತಹ ಕಾರ್ಯಕ್ಕೆ ದೊಡ್ಡ ಪದವಿ ಬೇಕಾಗಿಲ್ಲವೆಂಬುದನ್ನು ಬಿಜಾಪುರದ ಫ. ಗು. ಹಳಕಟ್ಟಿಯವರು ತೋರಿಸಿಕೊಟ್ಟಿದ್ದಾರೆ. ವೃತ್ತಿಯಿಂದ ವಕೀಲರಾಗಿದ್ದ ಅವರು ಮನೆಮನೆಗಳ ತಾಳೆಗರಿಗಳನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ಪೂಜೆಯ ಗಂಟಿನಲ್ಲಿದ್ದ ಗರಿಗಳು ಹೀಗೆ ನಾಡಿನ ಸಾಹಿತ್ಯವಾದುವು. ಗರಿಗಳಿಗೆ ಆದುದು ಕಲ್ಲುಗಳಿಗೂ ಆಗಬಲ್ಲುದು.

ಕೊಂಕಣಪುರದ ಮೈತ್ರೇಯಪ್ರತಿಮೆಯನ್ನು ಮಾಡಿದನೆನ್ನಲಾದ ಶ್ರುತವಿಂಶತಿಕೋಟಿಯೇ ಪಾಳಿ ಗ್ರಂಥಗಳ ಸೋಣ ಕೋಳಿವಿಸ. ಅತಿಯಾದ ತಪಸ್ಸಿನಿಂದ ಬಳಲಿದ ಅವನಿಗೆ ಬುದ್ಧನು ವೀಣೆಯ ದೃಷ್ಟಾಂತವನ್ನು ಹೇಳಿದನೆಂಬುದು ಪ್ರಸಿದ್ಧ: ತಂತಿ ಅತಿ ಬಿಗಿಯಾದರೂ ನಾದ ಹೊರಡದು, ಸಡಿಲವಾದರೂ ಹೊರಡದು. ಪ್ರಾಚೀನ ಸ್ಥಳಗಳ ಶೋಧಕ್ಕೂ ಈ ದೃಷ್ಟಾಂತ ಸಲ್ಲುತ್ತದೆ. ಅಭಿಮಾನವನ್ನು ಅತಿಯಾಗಿ ಬಿಗಿದರೆ ಸಾಕ್ಷ್ಯ ಮುರಿಯುತ್ತದೆ. ಔದಾಸೀನ್ಯದಿಂದ ಸಡಿಲಬಿಟ್ಟರೆ ಸಾಕ್ಷ್ಯವೇ ಉಳಿಯದು. ಕೊಂಕಣಪುರದ ಕಿರೀಟ ಎಲ್ಲಿಯಾದರೂ ದೊರೆಯಲಿ. ಮೇಗುತಿಯ ಇಳಿಜಾರಿನ ಬುದ್ಧಾಲಯವೂ ಬಾದಾಮಿಯ ಗವಿಯ ಪದ್ಮಪಾಣಿಯೂ ಕಣ್ಣಮುಂದೆಯೇ ಇವೆ. ಅವುಗಳನ್ನು ನೋಡಿ, ಅರಿತು, ಉಳಿಸಿಕೊಳ್ಳುವುದು ಈ ಸೀಮೆಯ ಜನರ ಪಾಲಿಗೆ ಬಂದ ಕರ್ತವ್ಯವಾಗಿದೆ.